ಮಿರಜಿನಲ್ಲಿ ಹಿಮ ಬಿದ್ದ ವರ್ಷ

ದಾರದ ತುದಿಯನ್ನು ನಾಲಿಗೆಯಲ್ಲಿ ನೆನೆಸಿ, ಸೂಜಿಯ ಕಣ್ಣನ್ನು ಬಾಗಿಲ ಬೆಳಕಿಗೆ ಹಿಡಿದು, ತಂಗೆವ್ವ ಒಂದು ಕಣ್ಣು ಮುಚ್ಚಿದಳು. ದಾರ ಒಳಗೆ ಹೋಯಿತು. ನೆಲದ ತುಂಬ ಹಾಸಿದ್ದ ಕೌದಿಯ ಮೇಲೆ ಮೊಣಕಾಲೂರಿ ಮತ್ತೆ ಹೊಲಿಯತೊಡಗಿದಳು. ಗಂಡ ಗಂಗಪ್ಪ ಸಾಂಗಲಿಯ ಅರಿಷಿಣದ ಪೇಟೆಯಲ್ಲಿ ಹಮಾಲಿ ಮಾಡುವವನು. ಅವನ ಹಳೇ ಧೋತರ, ಎಷ್ಟು ಒಗೆದರೂ ಬಿಡದ ಅರಿಷಿಣದ ಬಣ್ಣ ಹೊತ್ತು, ಕೌದಿಯ ನಟ್ಟನಡುವೆ ಯಜಮಾನನ ಹಾಗೆ ಕೂತಿತ್ತು. ಸುತ್ತ ಅವಳದೇ ಇಳಕಲ್ಲ ಸೀರೆಯ ಸೆರಗು. ಅದರ ಬಗಲಿಗೆ ಮಗಳು ಸಾತವ್ವ ಸಾಲಿಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಪರಕಾರದ ಚೂರು.

ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯ ಮೂಲೆಗೆ ಅಂಗೈಯಗಲದ ಒಂದು ಮುಮ್ಮೂಲೆ ತುಂಡು ಹಚ್ಚುವುದು ಬಾಕಿ. ಅದಕ್ಕೆ ತುತ್ತು ಅನ್ನುತ್ತಿದ್ದರು. ತುತ್ತಿಲ್ಲದ ಕೌದಿ ಹಸಿದಿರುತ್ತದೆ, ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ತಂಗೆವ್ವನ ಅವ್ವ ಹೇಳುತ್ತಿದ್ದಳು. ಇನ್ನೊಂದು ಮಾತೂ ಹೇಳುತ್ತಿದ್ದಳು: ಚೊಚ್ಚಲ ಬಸುರಿ ಮಗಳನ್ನು ಅವಳ ಕೌದಿ ಮುಗಿಯದೆ ತವರಿಗೆ ಕರೆಯಬಾರದು.

ಸಾತವ್ವ ಅಥಣಿ ಕಡೆಯ ಹಳ್ಳಿಯೊಂದರಲ್ಲಿ, ಅತ್ತೆಯ ಮನೆಯಲ್ಲಿ, ಏಳು ತುಂಬಿದ ಬಸುರಿ. ಅವಳನ್ನು ಕರೆಯುವ ಕಾಗದ ಗೂಡಿನಲ್ಲಿ ಕುಂಕುಮದ ಭರಣಿಯ ಕೆಳಗಿತ್ತು. ರಾತ್ರಿ ಸಾಲಿಯಲ್ಲಿ ಅಕ್ಷರ ಕಲಿತ ಮೇಲೆ ತಂಗೆವ್ವ ತಾನೇ ಬರೆಯಲಿದ್ದ ಮೊದಲ ಕಾಗದ ಅದು. 'ಮಗಳು ಸಾತವ್ವಗ' ಎಂದು ಬರೆದಾಗಿತ್ತು. ಮುಂದಿನದು ತುತ್ತು ಹಚ್ಚಿದ ಮೇಲೆ.

"ಅಕ್ಕಾ, ಬಿಡ ಆ ಸೂಜಿ!" ಪಕ್ಕದ ಮನೆಯ ಹೌಸಾಬಾಯಿ ಹೊಸ್ತಿಲಲ್ಲೇ ನಿಂತು ಕೂಗಿದಳು. "ಗಾಡಿ ತಗೊಂಡ ಬಂದಾರ. ನಮ್ಮ ಮನ್ಯಾಗಿಂದೆಲ್ಲಾ ಹೊತಗೊಂಡ್ರು. ಅಗ ಬಾಈ, ಮುದುಕನ ಮ್ಯಾಲ ಹೊಚ್ಚಿದ್ದನ್ನೂ ಜಗ್ಗಿದ್ರು, ಮುದುಕ ಅದರ ಸಂಗತೀನ ಬಂದಬಿಟ್ಟಾ!"

"ಯಾರು ಬಂದಾರ? ಏನ ಒಯ್ಯಾಕ?"

"ಮತ್ತ್ಯಾರು? ಸೊಸಾಯಿಟಿಯವರು. ಹಿಮ ಬರತೈತೆಂತಲ್ಲ, ಅದಕ್ಕ."

ತಂಗೆವ್ವನ ಸೂಜಿ ನಿಂತಿತು. ಅವಳಿಗೆ ಶ್ರಾವಣದ ಸಭೆ ನೆನಪಾಯಿತು.

ಆ ಕಾಲಕ್ಕೆ ಸಾಂಗಲಿ ಸೀಮೆಯಲ್ಲಿ ಸಹಕಾರಿ ಅಲ್ಲದ್ದು ಯಾವುದೂ ಇರಲಿಲ್ಲ. ಸಕ್ಕರೆ ಸಹಕಾರಿ, ಹಾಲು ಸಹಕಾರಿ, ನೂಲು ಸಹಕಾರಿ, ದ್ರಾಕ್ಷಿ ಸಹಕಾರಿ. ನೆಗಡಿ ಒಂದು ಮಾತ್ರ ಖಾಸಗಿ ಉಳಿದಿತ್ತು. ಸಾಂಗಲಿಯಿಂದ ಮಿರಜಿಗೆ ಹೋಗುವ ದಾರಿಯಲ್ಲಿದ್ದ ಉಷಃಕಾಲ ಕಾಮಗಾರ ಸೊಸಾಯಿಟಿಯೂ ಹಾಗೇ ಹುಟ್ಟಿದ್ದು: ಎರಡು ಸಾಲು ಮನೆ, ತುದಿಗೆ ಪಾಯಖಾನೆ, ನಡುವೆ ಒಂದು ಗೋಡೌನು. ಶಾಲೆಗೆಂದು ಬಿಟ್ಟ ಜಾಗದಲ್ಲಿ ಚೇರಮನ್ ತಾತ್ಯಾಸಾಹೇಬರ ಎರಡಂತಸ್ತಿನ ಮನೆ ಎದ್ದಿತ್ತು. ಶಾಲೆ ಅದಕ್ಕೇ ರಾತ್ರಿ ಹೊತ್ತು ಗೋಡೌನಿನಲ್ಲಿ ನಡೆಯುತ್ತಿತ್ತು.

ತಾತ್ಯಾಸಾಹೇಬರು ಸಹಕಾರಿ ಚಳವಳಿಯ ಅಭ್ಯಾಸಕ್ಕೆಂದು ಪರದೇಶಕ್ಕೆ ಹೋಗಿಬಂದವರು. ಬರುವಾಗ ಮೊಣಕಾಲು ಮುಟ್ಟುವ ಉಣ್ಣೆಯ ಕೋಟು ತಂದರು, ಗೋಡೆಗೆ ಹಾಕಲು ಫೋಟೋ ತಂದರು, ಒಂದು ಪುಸ್ತಿಕೆಯನ್ನೂ ತಂದರು. ಫೋಟೋದಲ್ಲಿ ಒಂದು ಮನೆ ಕಿಟಕಿಯ ತನಕ ಹಿಮದಲ್ಲಿ ಹೂತಿತ್ತು. ಅವರು ಹೋದದ್ದು ಅಲ್ಲಿಯ ಬೇಸಿಗೆಯಲ್ಲಿ, ಜನ ಅರ್ಧ ಚೊಣ್ಣ ಹಾಕಿಕೊಂಡು ತಿರುಗುವಾಗ. ಹಿಮವನ್ನು ಅವರೂ ನೋಡಿದ್ದು ಆ ಫೋಟೋದಲ್ಲೇ. ಆದರೆ ಆ ಮಾತನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಿಮದ ಬಿರುಗಾಳಿಗೆ ಮನೆಯನ್ನು ಹೇಗೆ ಸಜ್ಜುಗೊಳಿಸಬೇಕು ಎಂಬುದೇ ಪುಸ್ತಿಕೆಯ ವಿಷಯ. ಬಾಗಿಲಿನಿಂದ ದನದ ಕೊಟ್ಟಿಗೆಗೆ ಹಗ್ಗ ಕಟ್ಟಿರಿ, ಬಿರುಗಾಳಿಯಲ್ಲಿ ಕಣ್ಣು ಕಾಣದಾಗ ಅದನ್ನು ಹಿಡಿದು ನಡೆಯಬಹುದು. ಹಿಮ ತೆಗೆಯಲು ಸಲಿಕೆ ಇಟ್ಟುಕೊಳ್ಳಿರಿ. ಒಣ ಆಹಾರ ಕೂಡಿಡಿರಿ. ಬೆಚ್ಚನೆಯ ಹೊದಿಕೆಗಳನ್ನೆಲ್ಲ ಒಂದೇ ಕಡೆ, ಒಣಗಿದ ಜಾಗದಲ್ಲಿ, ಸಿದ್ಧವಾಗಿ ಇಡಿರಿ. ಪರದೇಶದ ಗೃಹಿಣಿ ಇದನ್ನು ಓದಿದರೆ ತನ್ನ ಮನೆಯ ಒಂದು ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ತಾತ್ಯಾಸಾಹೇಬರು ಹಾಡೇ ಹಗಲು ಸಹಕಾರಿ ಕನಸು ಕಾಣುವವರು. ಒಂದೇ ಕಡೆ ಅಂದರೆ ಅವರಿಗೆ ಗೋಡೌನು, ಸಿದ್ಧವಾಗಿ ಅಂದರೆ ಕೀಲಿ.

ಇದು ಠರಾವಾಗಿ, ನಿರ್ಣಯವಾಗಿ, ಸಭೆಯ ಮುಂದೆ ಬಂತು. ಆ ಸಭೆಗೊಂದು ಪದ್ಧತಿಯಿತ್ತು. ಸೆಕ್ರೆಟರಿ ಧನಪಾಲ ಓದಲು ಬಾಯಿ ತೆರೆದನೋ ಇಲ್ಲವೋ, ಸದಸ್ಯರೆಲ್ಲ "ಮಂಜೂರ! ಮಂಜೂರ!" ಎಂದು ಕೂಗಿಬಿಡುತ್ತಿದ್ದರು. ಹಿಂದಿನ ಸಾಲಿನವರಿಗೆ ಜಿಲೇಬಿಯ ವಾಸನೆ ಬರುತ್ತಿತ್ತು. ಮುಂದಿನ ಸಾಲಿನವರಿಗೆ ಹಿಂದಿನವರು ಮೊದಲು ಎದ್ದಾರೆಂಬ ಭಯ. ಹಿಮದ ಠರಾವು ಚಿವಡಾದ ಬುಟ್ಟಿ ಇಳಿಸುವ ಹೊತ್ತಿಗೆ ಮಂಜೂರಾಯಿತು. ಸುಧಾರಿಸಿದ ದೇಶದಲ್ಲಿ ಹೆಂಗಸರೂ ಅನುಮೋದನೆ ಕೊಡುತ್ತಾರೆ ಎಂದು ತಾತ್ಯಾಸಾಹೇಬರು ಸುತ್ತ ನೋಡಿದರು. ಸಹಿ ಮಾಡಲು ಬರುವ ಹೆಂಗಸು ಒಬ್ಬಳೇ. ತಂಗೆವ್ವ ಸೆರಗು ಸರಿಮಾಡಿಕೊಂಡು ಎದ್ದು ಹೋಗಿ, ಏನು ಎತ್ತ ಕೇಳದೆ, ಕಲಿತ ಅಕ್ಷರ ಚೆಂದ ಕಾಣಲಿ ಎಂದು ನಿಧಾನವಾಗಿ, ಗೆರೆಯ ಮೇಲೆ ನೆಟ್ಟಗೆ ತನ್ನ ಹೆಸರು ಬರೆದು ಬಂದಿದ್ದಳು. ಆ ಸಂಜೆ ಗಂಗಪ್ಪನಿಗೆ ಒಂದು ಜಿಲೇಬಿ ಹೆಚ್ಚಿಗೆ ಸಿಕ್ಕಿತ್ತು.

ಈಗ ಧನಪಾಲ ಕೈಗಾಡಿ ಹೊರಗೆ ನಿಲ್ಲಿಸಿ ಒಳಗೆ ಬಂದ. ಕನ್ನಡ ಮನೆಮಾತಿನ ಜೈನರ ಹುಡುಗ, ಇರುವೆಯ ಮೇಲೂ ಕಾಲಿಡದವನು.

"ಮಾವಶಿ, ಕೌದಿ ಕೊಡಬೇಕಾತು."

"ಇದಕ್ಕ ಇನ್ನೂ ತುತ್ತ ಹಚ್ಚಿಲ್ಲಪಾ. ಹಚ್ಚಿ ಕೊಡತೇನಿ, ನಾಳಿಗೆ ಬಾ."

"ನಾಳಿಗೆ ಹಿಮ ಬಂದ್ರ?"

ತಂಗೆವ್ವ ಬಾಗಿಲಾಚೆ ನೋಡಿದಳು. ಬಿಸಿಲಿಗೆ ಹೌಸಾಬಾಯಿಯ ಕೋಳಿ ರೆಕ್ಕೆ ಬಿಚ್ಚಿಕೊಂಡು ಮಲಗಿತ್ತು.

"ಹಿಮ ಬರತೈತಿ ಅಂತ ನಿನಗ ಅನಸತೈತೇನ, ಧನಪಾಲಪ್ಪ?"

"ನನಗ ಅನಸೂದು ಏನೈತ್ರಿ ಮಾವಶಿ? ಠರಾವ ಆಗೈತಿ. ಅನುಮೋದನಿ ನಿಮ್ಮದ ಐತಿ."

ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಅವಳೇ ಕೌದಿ ಮಡಚಿ ಕೊಟ್ಟಳು. ತುತ್ತಿನ ತುಂಡು ಕೈಯಲ್ಲೇ ಉಳಿಯಿತು.

ಗೋಡೌನಿಗೆ ಕೀಲಿ ಹಾಕುವ ಸಮಾರಂಭ ನಡೆಯಿತು. ಎಲ್ಲರಿಗೂ ಮಾದರಿಯಾಗಲಿ ಎಂದು ತಾತ್ಯಾಸಾಹೇಬರು ತಮ್ಮ ಪರದೇಶದ ಕೋಟನ್ನು ಮೈಮೇಲಿಂದ ಕಳಚಿ ಮೊದಲಿಗೆ ತಾವೇ ಜಮಾ ಮಾಡಿದರು. ಫೋಟೋಗ್ರಾಫರು ಇನ್ನೊಮ್ಮೆ ಎಂದಾಗ ಹಾಕಿಕೊಂಡು ಮತ್ತೆ ಕಳಚಿದರು. ಕೌದಿಗಳ ಬಣವೆ ಸೂರು ಮುಟ್ಟಿದ್ದರಿಂದ ರಾತ್ರಿ ಸಾಲಿಗೆ ಜಾಗ ಉಳಿಯಲಿಲ್ಲ. ಹಿಮ ಕರಗುವ ತನಕ ಸಾಲಿಗೆ ಸೂಟಿ ಎಂದು ಬೋರ್ಡು ಬಿತ್ತು. ಪುಸ್ತಿಕೆಯ ಪ್ರಕಾರ ಹಗ್ಗವನ್ನೂ ಕಟ್ಟಿದರು. ಕೊಟ್ಟಿಗೆ ಯಾರಿಗೂ ಇರಲಿಲ್ಲವಾಗಿ ಪ್ರತಿ ಬಾಗಿಲಿನಿಂದ ಪಾಯಖಾನೆಗೆ ಕಟ್ಟಿದರು. ಹೆಂಗಸರು ಅದರ ಮೇಲೆ ಸೀರೆ ಒಣಹಾಕಿದರು, ಆಡು ಸಿಕ್ಕಿಕೊಂಡವು, ಬೆಳಗಿನ ಅವಸರದಲ್ಲಿ ಗಂಡಸರು ಒಬ್ಬರ ಹಗ್ಗ ಒಬ್ಬರು ದಾಟುತ್ತ ಎಡವಿಬಿದ್ದರು. ಮನಸಾರೆ ಹೊಗಳಿದವನು ಗಂಗಪ್ಪ ಒಬ್ಬನೇ. ಪೇಟೆಯಿಂದ ಬರುತ್ತ ಸೆರೆಯ ಗುತ್ತಿಗೆ ಅಂಗಡಿಯಲ್ಲಿ ಒಂದಿಷ್ಟು ಕೂತು ಬರುವ ಅಭ್ಯಾಸ ಅವನದು.

"ಹಿಮ ಬರಲಿ ಬಿಡಲಿ, ಸಾತವ್ವನ ಅವ್ವಾ, ಹಗ್ಗ ಬಾಳ ಛಲೋ ಕೆಲಸ. ಹಿಡಕೊಂಡ ಬಂದ್ರ ಸೀದಾ ಮನಿ."

"ನಿನ್ನೆ ಸೀದಾ ಪಾಯಖಾನಿಗೆ ಹೋಗಿ ಕುಂತಿದ್ರೆಲ್ಲರಿ."

"ಅದು ಹಗ್ಗದ ತಪ್ಪಲ್ಲ. ತುದಿ ಅದಲುಬದಲಾಗಿತ್ತು."

ಹಿಮ ಬರಲಿಲ್ಲ. ಬಂದದ್ದು ಥಂಡಿ. ಎಳ್ಳಮಾಸಿಯ ಹೊತ್ತಿಗೆ ಕೃಷ್ಣೆಯ ಕಡೆಯಿಂದ ಬೀಸುವ ಗಾಳಿ ಪ್ರತಿ ವರ್ಷದ ಹಾಗೆ ಹಲ್ಲು ಕಡಿಸಿತು. ಪ್ರತಿ ವರ್ಷ ಜನ ಕೌದಿಯೊಳಗೆ ಮುದುಡಿ ಅದನ್ನು ಬೈಯುತ್ತಿದ್ದರು. ಈ ವರ್ಷ ಬೈಯಲು ಬಾಯಿ ಮಾತ್ರ ಇತ್ತು, ಕೌದಿ ಇರಲಿಲ್ಲ. ಮಕ್ಕಳು ಗೋಣಿಚೀಲದಲ್ಲಿ ಮಲಗಿದವು. ಗಂಗಪ್ಪ ಅರಿಷಿಣ ತುಂಬುವ ಚೀಲ ತಂದು ಹೊದ್ದು, ಬೆಳಿಗ್ಗೆ ಮದುಮಗನ ಹಾಗೆ ಹಳದಿಯಾಗಿ ಏಳುತ್ತಿದ್ದ. ಉಷಃಕಾಲ ಸೊಸಾಯಿಟಿಯಷ್ಟು ಚೆಂದಾಗಿ ಹಿಮಕ್ಕೆ ಸಿದ್ಧವಾದ ಊರು ಇಡೀ ದೇಶದಲ್ಲಿ ಇರಲಿಲ್ಲ, ಅಷ್ಟು ನಡುಗಿದ್ದೂ ಇನ್ನೊಂದಿರಲಿಲ್ಲ.

ಅಥಣಿ ಕಡೆಯಿಂದ ಮಿರಜಿನ ದವಾಖಾನೆಗೆ ಬಂದ ಒಬ್ಬ ಪರಿಚಯದವಳು ತಂಗೆವ್ವನ ಮನೆಯಲ್ಲಿ ಚಹಾ ಕುಡಿಯುತ್ತ ಸುದ್ದಿ ಹೇಳಿದಳು: "ನಿನ್ನ ಮಗಳು ದಿನಾ ಹಾದಿ ನೋಡತಾಳ. ಅವರತ್ತಿ ಏನಂತಾಳ ಗೊತ್ತೇನ? ನಿಮ್ಮವ್ವಗ ಸಾಲಿ ಕಲತ ಮ್ಯಾಲ ಮಗಳ ಹೆಸರು ಬರಿಯೂದ ಮರತೈತಿ, ಅಂತ. ತವರಿಂದ ಕರಿಯಾಕ ಬರಲಿಲ್ಲಂದ್ರ ಇಲ್ಲೇ ದನದ ಮನ್ಯಾಗ ಹಡೀಲಿ, ಅಂತ."

ಬಂದವಳು ಹೋದ ಮೇಲೆ ತಂಗೆವ್ವ ಭರಣಿ ಎತ್ತಿ ಕಾಗದ ನೋಡಿದಳು. ಮತ್ತೆ ಭರಣಿ ಇಟ್ಟಳು. ಕರೆದರೆ ಏನು ಹೊಚ್ಚುವುದು? ಹಸಿ ಮೈಯ ಬಾಣಂತಿ, ಹಸುಗೂಸು, ಈ ಥಂಡಿ, ಒಂದು ಹಳದಿ ಚೀಲ. ಅವಳು ಸೆರಗು ಹೊದ್ದು ಆಫೀಸಿಗೆ ನಡೆದಳು.

ಧನಪಾಲ ಎರಡೂ ಕೈಯನ್ನು ಕಂಕುಳಲ್ಲಿಟ್ಟು ಕೂತಿದ್ದ. ಬೇಕಾದಾಗ ಒಂದು ಕೈ ಹೊರಗೆ ತೆಗೆದು ಬರೆದು ಮತ್ತೆ ಒಳಗಿಡುತ್ತಿದ್ದ.

"ಧನಪಾಲಪ್ಪ, ನನ್ನ ಕೌದಿ ಒಂದ ಕೊಡಪಾ. ಮಗಳು ಬಾಣಂತನಕ್ಕ ಬರಬೇಕು."

"ಹ್ಯಾಂಗ ಕೊಡಲಿರಿ ಮಾವಶಿ? ಹಿಮ ಬಿದ್ದ ಮ್ಯಾಲ, ಪಂಚನಾಮಾ ಮಾಡಿ, ಗೋಡೌನ ತೆಗೀಬೇಕು. ಠರಾವ ಹಂಗ ಐತಿ."

"ಹಿಮ ಬೀಳಲಿಲ್ಲಂದ್ರ?"

"ಬರೂ ಶ್ರಾವಣದಾಗ ಸಭೆ ಐತೆಲ್ರಿ. ಠರಾವ ರದ್ದ ಮಾಡಬಹುದು."

"ಶ್ರಾವಣದಾಗ ಕೌದಿ ತಗೊಂಡ ಏನ ಮಾಡ್ಲೆಪಾ, ಶೇಂಗಾ ಒಣಗಸ್ಲ್ಯಾ?"

ಅವನು ತಲೆ ತಗ್ಗಿಸಿದ. "ನಮ್ಮವ್ವ ಸೈತ ಚಾಪಿ ಹೊಚಗೊಂಡ ಮಲಗತಾಳ್ರಿ," ಅಂದ. ಆಮೇಲೆ ದನಿ ತಗ್ಗಿಸಿ, "ಸಾಹೇಬರ ಗತಿನೂ ಅದ. ಪರದೇಶದವರು ಪುಸ್ತಿಕೆಯಿಂದ ಏನ ಲಾಭ ಆತು ಬರೀರಿ ಅಂತ ಕೇಳ್ಯಾರ. ಹಿಮನ ಬಿದ್ದಿಲ್ಲ, ಏನಂತ ಬರೀತಾರ? ಆ ಕಾಗದ ಹಂಗ ಕುಂತೈತಿ."

ಒಳಗಿನ ಕೋಣೆಯಿಂದ ದೊಡ್ಡ ಸೀನು ಕೇಳಿಸಿತು. ಬಾಗಿಲ ಸಂದಿಯಲ್ಲಿ ತಂಗೆವ್ವ ಕಂಡಳು: ತಾತ್ಯಾಸಾಹೇಬರು ಫೋಟೋದ ಕೆಳಗೆ, ತಲೆಗೆ ಮಫ್ಲರು ಸುತ್ತಿ, ಮೇಜಿನ ಹಸಿರು ಬಟ್ಟೆಯನ್ನು ಭುಜಕ್ಕೆ ಹೊದ್ದು ಆಕಾಶ ನೋಡುತ್ತಿದ್ದರು. ಒಂದು ಹನಿ ಹಿಮಕ್ಕಾಗಿ ಅಷ್ಟು ಆಸೆಯಿಂದ ನೋಡುವ ಮುಖವನ್ನು ಅವಳು ಕಂಡಿರಲಿಲ್ಲ. ಪಾಪ ಅನಿಸಿತು. ಈ ಕೀಲಿ ತೆಗೆಯಬಾರದು ಅನ್ನುವವರು ಊರಲ್ಲಿ ಒಬ್ಬರೂ ಇಲ್ಲ, ತೆಗೆಯುವವರೂ ಒಬ್ಬರಿಲ್ಲ.

ಸಂಜೆ ಅವಳು ಇದನ್ನು ಹೌಸಾಬಾಯಿಗೆ ಹೇಳಿದಳು. ಹೌಸಾಬಾಯಿಯ ಗಂಡ ದಶರಥ ಮಿರಜ ಸ್ಟೇಷನ್ ಹತ್ತಿರದ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರಖಾನೆಯಲ್ಲಿ ಕೂಲಿ. ಮೀನಿನ ಪೆಟ್ಟಿಗೆಗೆ ಹಾಕಲು ಬರ್ಫ ಪುಡಿ ಮಾಡುವುದು ಅವನ ಕೆಲಸ.

"ಹಿಮ ಬೇಕಂತೇನ ಅವರಿಗೆ?" ಹೌಸಾಬಾಯಿ ಒಲೆ ಊದುವುದನ್ನು ಬಿಟ್ಟು ಗಂಡನ ಕಡೆ ತಿರುಗಿದಳು. "ಏ, ಕೇಳಿದ್ರೇನ? ಉಳಿದ ಚೂರು ಹಿಂದಿನ ಗಟಾರಕ್ಕ ಚೆಲ್ಲತೀರೆಲ್ಲ, ನಾಳೆ ಇಲ್ಲಿ ತಂದ ಚೆಲ್ಲರಿ."

"ಅದು ಹಿಮ ಆಗತೈತೇನ?" ದಶರಥ ಕೇಳಿದ.

"ಸೊಸಾಯಿಟ್ಯಾಗ ಹಿಮ ನೋಡಿದವರ್ಯಾರ ಅದಾರ?"

"ಸುಳ್ಳ ಆಗತೈತಿ ಹೌಸಾ," ತಂಗೆವ್ವ ಅಂದಳು.

"ಗೋಡೆ ಮ್ಯಾಗಿನ ಫೋಟೋಕ್ಕಿಂತ ಖರೇ ಇರತೈತಿ ಅಕ್ಕಾ. ಮುಟ್ಟಿದ್ರ ತಣ್ಣಗ ಹತ್ತತೈತಿ."

ತಂಗೆವ್ವ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಮುಟ್ಟಿ ನೋಡಿಕೊಂಡಳು. ಒಮ್ಮೆ ನೋಡದೆ ಸಹಿ ಮಾಡಿದವಳು ಈಗ ನೋಡುತ್ತ ನೋಡುತ್ತ ಇನ್ನೊಂದಕ್ಕೆ ಕೈ ಹಾಕಬೇಕೇ? ಆಮೇಲೆ ದನದ ಮನೆ ನೆನಪಾಯಿತು. "ಗಾಡಿ ಎಲ್ಲಿಂದ ತರತೀರಿ?" ಎಂದು ಕೇಳಿದಳು.

ಕೌದಿ ಒಯ್ದ ಅದೇ ಕೈಗಾಡಿಯಲ್ಲಿ, ಕೋಳಿ ಕೂಗುವ ಹೊತ್ತಿಗೆ, ಹಿಮ ಬಂತು. ಹೆಂಗಸರು ಪುಟ್ಟಿಯಲ್ಲಿ ತುಂಬಿ ತಾತ್ಯಾಸಾಹೇಬರ ಅಂಗಳಕ್ಕೆ ರಂಗೋಲಿ ಪುಡಿ ಉದುರಿಸಿದ ಹಾಗೆ ಉದುರಿಸಿದರು. ಕಟ್ಟೆಯ ಮೇಲೆ, ಗೇಟಿನ ಮೇಲೆ, ದಾಸವಾಳದ ಗಿಡದ ಮೇಲೆ. ಹೌಸಾಬಾಯಿ ಫೋಟೋದ ನೆನಪಿನಲ್ಲಿ ಕಿಟಕಿಯ ಕೆಳಗೆ ಒಂದಿಷ್ಟು ಗುಡ್ಡೆ ಹಾಕಿದಳು. ಗಂಗಪ್ಪ ಹಗ್ಗ ಹಿಡಿದು ಬಂದು, ನೋಡಿ, ತಾನು ಕುಡಿದಿಲ್ಲವೆಂದು ಯಾರನ್ನೂ ಕೇಳದೆ ಆಣೆ ಮಾಡಿದ.

"ಹಿಮಾ! ಹಿಮಾ ಬಿದ್ದೈತ್ರೀ!" ಹೌಸಾಬಾಯಿಯ ದನಿ ಸಾಂಗಲಿಗೆ ಮುಟ್ಟುವ ಹಾಗಿತ್ತು.

ತಾತ್ಯಾಸಾಹೇಬರು ಹಸಿರು ಬಟ್ಟೆಯಲ್ಲೇ ಹೊರಗೆ ಬಂದರು. ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಬಗ್ಗಿ ಒಂದು ಚಿಟಿಕೆ ಎತ್ತಿ, ಮೂಗಿನ ಹತ್ತಿರ ಒಯ್ದು, ತಟ್ಟನೆ ದೂರ ಹಿಡಿದರು.

"ಇದಕ್ಕ ಮೀನಿನ ವಾಸನಿ ಯಾಕ ಬರತೈತಿ?"

ತಾತ್ಯಾಸಾಹೇಬರು ಸುತ್ತ ನೆರೆದವರನ್ನು ನೋಡಿದರು. ಗೋಣಿ ಹೊದ್ದ ಮಕ್ಕಳನ್ನು, ಚಾಪೆ ಸುತ್ತಿಕೊಂಡು ಬಂದ ಧನಪಾಲನ ತಾಯಿಯನ್ನು, ಹಳದಿ ಗಂಗಪ್ಪನನ್ನು. ಆಮೇಲೆ ಗೋಡೌನಿನ ಕಡೆ, ತಮ್ಮ ಕೋಟಿನ ಕಡೆ. ಒಂದು ಸಲ ಸೀನಿದರು. ಆ ಸೀನಿನಲ್ಲಿ ಏನೋ ಇತ್ಯರ್ಥವಾಯಿತು.

"ಮೋಡ ಸಮುದ್ರದ ಮ್ಯಾಲಿಂದ ಬಂದಿರಬೇಕು," ಅಂದರು ಗಂಭೀರವಾಗಿ. "ಇದು ಹಿಮಾನ. ನಾನು ಪರದೇಶಕ್ಕ ಹೋಗಿ ಬಂದವ, ನನಗ ಗೊತ್ತಾಗಂಗಿಲ್ಲೇನು? ಧನಪಾಲ, ಪಂಚನಾಮಾ ಬರಿ! ಲಗೂ ಬರಿ, ಬಿಸಿಲ ಬರಾಕತ್ತೈತಿ."

ಪಂಚರು ಕೂಡಿದರು. ಕಾಲಕೆಳಗೆ ಹಿಮ ಹರಿದು ಗಟಾರ ಸೇರುತ್ತಿತ್ತು. ಧನಪಾಲ ಒದ್ದೆ ಕಟ್ಟೆಯ ಮೇಲೆ ಕೂತು ಬರೆದ. ಬರೆದು ಮುಗಿಸಿದಾಗ ತಾತ್ಯಾಸಾಹೇಬರು ಎದ್ದು ನಿಂತು, ಸಭೆಯ ದನಿಯಲ್ಲಿ ಹೇಳಿದರು: "ಗೋಡೌನ ತೆಗೀತೇವಿ. ಹೊದಿಕಿ ಹಂಚತೇವಿ. ಹಿಮ ಕರಗಿದ ಕೂಡಲೇ ಎಲ್ಲಾರೂ ತಂದು ಮತ್ತ ಜಮಾ ಮಾಡಬೇಕು, ಮುಂದಿನ ಬಿರುಗಾಳಿಗೆ ತಯಾರಿ ಇರಬೇಕು."

"ಮಂಜೂರ! ಮಂಜೂರ!" ಜನ ಕೂಗಿದರು. ಜಿಲೇಬಿ ಇಲ್ಲದಿದ್ದರೂ ಕೂಗಿದರು. ಬಾಯಿಗೆ ರೂಢಿ.

ಧನಪಾಲ ಕಾಗದವನ್ನು ತಂಗೆವ್ವನ ಮುಂದೆ ಹಿಡಿದ. "ಠರಾವಿಗೆ ಅನುಮೋದನಿ ನಿಮ್ಮದಿತ್ರಿ ಮಾವಶಿ. ಇದಕ್ಕೂ ನಿಮ್ಮ ಸಹಿ ಬೇಕು."

ಪೆನ್ನು ಕೈಗೆ ಬಂತು. ಅವಳು ಗಟಾರದ ಕಡೆ ನೋಡಿದಳು. ಒಂದು ಚಹಾ ಕುಡಿಯುವಷ್ಟರಲ್ಲಿ ಹಿಮ ಕರಗಿರುತ್ತದೆ. ಕೌದಿ ಗೋಡೌನಿನಿಂದ ಹೊರಗೆ ಬಂದು, ಇನ್ನೊಂದು ಚಹಾ ಮುಗಿಯುವಷ್ಟರಲ್ಲಿ ಮತ್ತೆ ಒಳಗೆ ಹೋಗುತ್ತದೆ.

"ನಾಮಂಜೂರ," ಅಂದಳು.

ಆ ಶಬ್ದ ಉಷಃಕಾಲ ಸೊಸಾಯಿಟಿಯಲ್ಲಿ ಅದೇ ಮೊದಲು ಕೇಳಿದ್ದು. ಜನ ಅದನ್ನು ಹೇಳಿದವರು ಯಾರೆಂದು ಬೇರೆ ಕಡೆ ಹುಡುಕಿದರು.

"ಏನಂದಿ ತಂಗೆವ್ವ?" ತಾತ್ಯಾಸಾಹೇಬರು ಕೇಳಿದರು.

"ಕರಗಿದ ಮ್ಯಾಲ ಕೊಡಾಕ ನಾ ಒಪ್ಪೂದಿಲ್ರಿ, ಸಾಹೇಬರ. ಹಿಮ ಒಮ್ಮಿ ಬಂದೈತಿ ಅಂದ ಮ್ಯಾಲ ಯಾವಾಗ ಬರತೈತಿ ಹೇಳಾಕ ಬರಂಗಿಲ್ಲ. ನಾಳೆನೂ ಬರಬಹುದು." ಅವಳು ಹೌಸಾಬಾಯಿಯ ಕಡೆ ನೋಡಲಿಲ್ಲ. "ನಾಡಿದ್ದೂ ಬರಬಹುದು. ದಿನಾ ನಿಮ್ಮ ಅಂಗಳದಾಗ ಬೀಳಬಹುದು. ದಿನಾ ಪಂಚನಾಮಾ ಮಾಡೂದಕ್ಕಿಂತ ಕೌದಿ ಅವರವರ ಮನ್ಯಾಗ ಇದ್ರ ತಯಾರಿ ಛಲೋ ಆಗತೈತಿ. ಹಂಗ ಬರೀರಿ, ಸಹಿ ಮಾಡತೇನಿ. ಇಲ್ಲಂದ್ರ ಪೆನ್ನು ತಗೋರಿ."

ದಿನಾ ತಮ್ಮ ಅಂಗಳದಲ್ಲಿ ಮೀನಿನ ವಾಸನೆ ಎಂಬುದನ್ನು ತಾತ್ಯಾಸಾಹೇಬರು ಒಂದು ಗಳಿಗೆ ಯೋಚಿಸಿದರು. ಒಂದು ಹನಿ ಕಿಟಕಿಯ ಕೆಳಗಿನ ಗುಡ್ಡೆಯಿಂದ ಇಳಿಯಿತು.

"ಪ್ರತಿ ಮನಿ ಒಂದ ಗೋಡೌನ," ಅಂದರು ಕಡೆಗೆ, ಕಣ್ಣರಳಿಸಿ. "ವಿಕೇಂದ್ರೀಕರಣ! ಪರದೇಶದವರಿಗೂ ಇದು ಹೊಳದಿಲ್ಲ. ಬರಿ, ಧನಪಾಲ."

ಧನಪಾಲ ಬರೆದ. ತಂಗೆವ್ವ ಪೂರಾ ಓದಿದಳು, ಅಕ್ಷರಕ್ಕೊಂದು ಬೆರಳು ಇಟ್ಟು, ತುಟಿ ಅಲ್ಲಾಡಿಸುತ್ತ. ಎಲ್ಲರೂ ನಡುಗುತ್ತ ಕಾದರು. ಆಮೇಲೆ ಸಹಿ ಮಾಡಿದಳು. ಈ ಸಲ ಅಕ್ಷರ ಸೊಟ್ಟ ಬಂತು. ಅವಳು ಅದನ್ನು ನೋಡಲಿಲ್ಲ.

ಗೋಡೌನಿನ ಬಾಗಿಲು ತೆರೆದಾಗ ಮೊದಲು ನುಗ್ಗಿದವರು ತಾತ್ಯಾಸಾಹೇಬರು. ಕೋಟಿನ ತೋಳಿನಲ್ಲಿ ಇಲಿ ಮರಿ ಹಾಕಿತ್ತು. ಇರುವೆ ತುಳಿಯದ ಧನಪಾಲ ಅವುಗಳನ್ನು ಒಂದೊಂದಾಗಿ ಎತ್ತಿ ಕೆಳಗಿಡುವ ತನಕ ಚೇರಮನ್ನರು ಇನ್ನಷ್ಟು ನಡುಗಬೇಕಾಯಿತು.

ತಂಗೆವ್ವ ಮನೆಗೆ ಬಂದು ಕೌದಿ ಹಾಸಿ, ಸೆರಗಿನ ಸೂಜಿ ತೆಗೆದು, ನಾಲ್ಕನೆಯ ಮೂಲೆಗೆ ತುತ್ತು ಹಚ್ಚಿದಳು. ಹಲ್ಲಿನಿಂದ ದಾರ ಕಡಿದಳು. ಆಮೇಲೆ ಭರಣಿ ಸರಿಸಿ ಕಾಗದ ತೆಗೆದಳು. 'ಮಗಳು ಸಾತವ್ವಗ' ಎಂಬುದರ ಕೆಳಗೆ ಬರೆದಳು: 'ನಿನ್ನ ಕೌದಿ ತುತ್ತು ಉಂಡಿತು. ನಿಮ್ಮಪ್ಪ ಕರಿಯಾಕ ಬರತಾನ. ಬಾ.' ಇನ್ನೂ ಏನಾದರೂ ಬರೆಯಬೇಕೆನಿಸಿತು. ಇಷ್ಟು ದಿನ ಯಾಕೆ ತಡವಾಯಿತು ಎಂಬುದನ್ನು ಬರೆಯಲು ಹೊರಟರೆ ಹಿಮದಿಂದ ಶುರು ಮಾಡಬೇಕು. ಅತ್ತೆಯ ಮನೆಯವರು ನಂಬಲಿಕ್ಕಿಲ್ಲ. ಅಂಟು ಹಚ್ಚಿ ಮಡಚಿದಳು.

ಆಫೀಸಿನ ಮುಂದಿನ ಟಪಾಲು ಪೆಟ್ಟಿಗೆಯ ಹತ್ತಿರ ಧನಪಾಲನೂ ನಿಂತಿದ್ದ. ಕೈಯಲ್ಲಿ ಪರದೇಶದ ತಿಕೀಟು ಹಚ್ಚಿದ ದಪ್ಪ ಲಕೋಟೆ.

"ಏನಂತ ಬರದಾರಪಾ ಸಾಹೇಬರು?"

"ಭಾರೀ ಹಿಮಪಾತ ಆತು, ಸದಸ್ಯರು ಧೈರ್ಯದಿಂದ ಎದುರಿಸಿದ್ರು, ಒಂದೂ ಜೀವ ಹೋಗಲಿಲ್ಲ, ಅಂತ." ಅವನು ಲಕೋಟೆ ಒಳಗೆ ಬಿಟ್ಟ. "ಮುಂದಿನ ವರ್ಷಕ್ಕ ಜ್ವಾಲಾಮುಖಿ ಪುಸ್ತಿಕಿ ಕಳಸರಿ ಅಂತನೂ ಬರದಾರ."

ತಂಗೆವ್ವ ತನ್ನ ಕಾಗದವನ್ನು ಪೆಟ್ಟಿಗೆಯ ಬಾಯಿಗೆ ಹಿಡಿದು, ಹೆಸರನ್ನು ಇನ್ನೊಮ್ಮೆ ಓದಿ ನೋಡಿ, ಬಿಟ್ಟಳು. ಅದು ಕೆಳಗೆ ಬಿದ್ದ ಸಪ್ಪಳ ಕೇಳಿದ ಮೇಲೂ ಬೆರಳು ಒಳಗೆ ಹಾಕಿ, ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡಳು.